ತೀರಾ ಕೆಳಗೆ ಹಾರುವ ಹಳೇ ವಿಮಾನಗಳ ಫೋಟೊ ತೆಗೆಯೋದು ಎಷ್ಟು ಸುರಕ್ಷಿತ? ಪದೇ ಪದೇ ಕೇಳುವ ಪ್ರಶ್ನೆಗಳು

ಯಲಹಂಕದ ಏರೋ ಇಂಡಿಯಾಕ್ಕೆ ಕ್ಯಾಮೆರಾ ಹೊತ್ತು ಹೋಗುವವರೂ, ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದು ವಾರಾಂತ್ಯಕ್ಕೆ ಹಳೇ ವಿಮಾನ ಹಾರಿಸುವ ಡಕ್ಸ್‌ಫರ್ಡ್ ಅಥವಾ ಓಲ್ಡ್ ವಾರ್ಡನ್ ಕಡೆ ಹೊರಡುವವರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಲೆನ್ಸ್ ಯಾವುದು, ಷಟರ್ ಸ್ಪೀಡ್ ಎಷ್ಟು ಅಂತ ಶುರುವಾಗುತ್ತವೆ. ನನ್ನ ಪ್ರಕಾರ ಈ ಹವ್ಯಾಸದಲ್ಲಿ ಮೊದಲು ತೀರ್ಮಾನ ಆಗಬೇಕಾದ್ದು ನಾವು ನಿಲ್ಲುವ ಜಾಗ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಕ್ಯಾಮೆರಾ ಮಾತು ಕಡಿಮೆ, ಜಾಗದ ಮಾತು ಜಾಸ್ತಿ.

ಹಳೇ ವಿಮಾನ ಅಂದರೆ ಯಾವುವು? ಹಾರುವ ಸ್ಥಿತಿಯಲ್ಲಿರೋದು ನಮ್ಮ ದೇಶದಲ್ಲಿ ಇವೆಯಾ?

ತರಬೇತಿಗೆ ಬಳಸುತ್ತಿದ್ದ ಟೈಗರ್ ಮಾತ್, ಹಾರ್ವರ್ಡ್, ಸಾಗಣೆಯ ಡಕೋಟಾ, ಯುದ್ಧವಿಮಾನಗಳಾದ ಸ್ಪಿಟ್‌ಫೈರ್, ಮಸ್ಟಾಂಗ್, ಬಿ-17 ಬಾಂಬರ್ ಇವೆಲ್ಲ ಈ ಪಟ್ಟಿಗೆ ಬರುತ್ತವೆ. ಹಾಕರ್ ಹಂಟರ್‌ನಂಥ ಮೊದಲ ತಲೆಮಾರಿನ ಜೆಟ್‌ಗಳನ್ನೂ ಈಗ ಇದೇ ಗುಂಪಿಗೆ ಸೇರಿಸುತ್ತಾರೆ. ನಮ್ಮ ವಾಯುಪಡೆಯ ವಿಂಟೇಜ್ ವಿಭಾಗದಲ್ಲಿ ಟೈಗರ್ ಮಾತ್, ಹಾರ್ವರ್ಡ್ ಇವೆ. 2018ರಲ್ಲಿ ‘ಪರಶುರಾಮ’ ಅನ್ನೋ ಹೆಸರಿನ ಡಕೋಟಾ ಬ್ರಿಟನ್ನಿನಿಂದ ಹಾರಿಕೊಂಡೇ ಬಂತು. ಆಗ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅದನ್ನು ಕೊಂಡು, ರಿಪೇರಿ ಮಾಡಿಸಿ, ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟಿದ್ದು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಪೈಲಟ್ ಆಗಿದ್ದವರು. 2022ರ ಗಣರಾಜ್ಯೋತ್ಸವದಲ್ಲಿ ಎರಡು ಡಾರ್ನಿಯರ್ ವಿಮಾನಗಳ ಜೊತೆ ಸಾಲುಗಟ್ಟಿ ಹಾರಿದ ಡಕೋಟಾವನ್ನು ಟಿವಿಯಲ್ಲಿ ನೋಡಿರುತ್ತೀರಿ. ಆ ಸಾಲಿಗೆ ‘ಟಂಗೈಲ್’ ಅಂತ ಹೆಸರಿಟ್ಟಿದ್ದರು.

ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಎಚ್‌ಎಎಲ್‌ನವರೇ ತಯಾರಿಸಿದ ಎಚ್‌ಟಿ-2, ಮಾರುತ್ ವಿಮಾನಗಳು ನಿಂತಿವೆ, ಹಾರಲ್ಲ. ಆದರೂ ಹಳೇ ವಿಮಾನದ ಆಕಾರ, ಬಾಲದ ಚಕ್ರ, ಪೈಲಟ್ ಕೂರುವ ಜಾಗ ಇದನ್ನೆಲ್ಲ ಹತ್ತಿರದಿಂದ ನೋಡಿಕೊಂಡರೆ ಮುಂದೆ ಹೇಳೋದು ಸುಲಭವಾಗಿ ಅರ್ಥವಾಗುತ್ತೆ.

ನೋಡೋಕೆ ಹೋದವರು ಸತ್ತಿರೋದು ನಿಜಕ್ಕೂ ಉಂಟಾ? ಸುಮ್ಮನೆ ಹೆದರಿಸ್ತೀರಾ?

ಉಂಟು. 1952ರ ಸೆಪ್ಟೆಂಬರ್ 6ರಂದು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಡಿಎಚ್-110 ಜೆಟ್ ಗಾಳಿಯಲ್ಲೇ ಒಡೆದು, ಎಂಜಿನ್‌ಗಳು ಜನರ ಮೇಲೆ ಬಿದ್ದವು. ವಿಮಾನದಲ್ಲಿದ್ದ ಇಬ್ಬರ ಜೊತೆ 29 ಪ್ರೇಕ್ಷಕರು ಸತ್ತರು. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್, 2002ರಲ್ಲಿ ಉಕ್ರೇನಿನ ಸ್ಕ್ನೀಲಿವ್ ದುರಂತಗಳು ಇನ್ನೂ ಭೀಕರ. ಆದರೆ ಅಲ್ಲಿದ್ದದ್ದು ಹಳೇ ವಿಮಾನಗಳಲ್ಲ, ಆಗ ವಾಯುಪಡೆಗಳು ಬಳಸುತ್ತಿದ್ದ ಜೆಟ್‌ಗಳು.

ಹಳೇ ವಿಮಾನದ ಲೆಕ್ಕದಲ್ಲಿ ನೆನಪಿಡಬೇಕಾದ್ದು ಮೂರು. ಒಂದು, 2011ರ ಸೆಪ್ಟೆಂಬರ್ 16ರಂದು ಅಮೆರಿಕದ ರೀನೋದಲ್ಲಿ ರೇಸಿಗೆಂದು ಮಾರ್ಪಡಿಸಿದ್ದ ಮಸ್ಟಾಂಗ್‌ನ ಬಾಲದ ಟ್ರಿಮ್ ಟ್ಯಾಬ್ (ಸಮತೋಲ ಹೊಂದಿಸುವ ಸಣ್ಣ ಪಟ್ಟಿ) ಕಿತ್ತುಹೋಯಿತು. ವಿಮಾನ ಒಮ್ಮೆಲೇ ಮೇಲೆದ್ದ ರಭಸಕ್ಕೆ ಪೈಲಟ್ ಪ್ರಜ್ಞೆ ತಪ್ಪಿರಬೇಕು. ಪ್ರೇಕ್ಷಕರ ಕುರ್ಚಿಗಳ ಬಳಿಯೇ ಬಂದು ಅಪ್ಪಳಿಸಿತು. ಪೈಲಟ್ ಸೇರಿ 11 ಜನ ಸತ್ತರು. ಎರಡು, 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಬಿದ್ದ ಹಾಕರ್ ಹಂಟರ್. ಮೂರು, 2022ರ ನವೆಂಬರ್ 12ರಂದು ಡಲ್ಲಾಸ್‌ನಲ್ಲಿ ಬಿ-17ಕ್ಕೆ ಪಿ-63 ಕಿಂಗ್‌ಕೋಬ್ರಾ ಯುದ್ಧವಿಮಾನ ಡಿಕ್ಕಿ ಹೊಡೆದದ್ದು. ಅಲ್ಲಿ ಎರಡೂ ವಿಮಾನಗಳಲ್ಲಿದ್ದ ಆರು ಮಂದಿ ಹೋದರು. ನೆಲದ ಮೇಲಿದ್ದ ಯಾರಿಗೂ ಏನೂ ಆಗಲಿಲ್ಲ, ಆದರೆ ಚೂರುಗಳು ಪಕ್ಕದ ಹೆದ್ದಾರಿಯವರೆಗೂ ಹಾರಿದ್ದವು.

ಟಿಕೆಟ್ ಯಾಕೆ ಸರ್? ಹೊರಗೆ ರಸ್ತೆ ಬದಿ ನಿಂತರೆ ಇನ್ನೂ ಒಳ್ಳೇ ಫೋಟೊ ಸಿಗುತ್ತಲ್ಲ?

ಈ ಪುಟದಲ್ಲಿ ಒಂದೇ ಉತ್ತರ ಓದೋದಾದರೆ ಇದನ್ನು ಓದಿ.

ಶೋರ್‌ಹ್ಯಾಮ್‌ನಲ್ಲಿ ಹಂಟರ್ ಒಂದು ಲೂಪ್ (ಮೇಲೆ ಹೋಗಿ ತಲೆಕೆಳಗಾಗಿ ಕೆಳಗಿಳಿಯುವ ಸುತ್ತು) ಹಾಕಲು ಮೇಲೇರಿತು. ಲೂಪಿನ ನೆತ್ತಿಯಲ್ಲಿ ಕನಿಷ್ಠ 3,500 ಅಡಿ ಎತ್ತರ ಇರಬೇಕಿತ್ತು, ಇದ್ದದ್ದು ಸುಮಾರು 2,700 ಅಡಿ. ಕೆಳಗಿಳಿದು ಮತ್ತೆ ಮೇಲೇಳಲು ಜಾಗ ಸಾಲದೆ ಎ27 ರಸ್ತೆಗೆ ಬಂದು ಬಿತ್ತು. ಸತ್ತ 11 ಜನರಲ್ಲಿ ಟಿಕೆಟ್ ತಗೊಂಡು ಮೈದಾನದ ಒಳಗಿದ್ದವರು ಒಬ್ಬರೂ ಇಲ್ಲ. ಕಾರಿನಲ್ಲಿ, ಬೈಕಿನಲ್ಲಿ, ಸೈಕಲ್ಲಿನಲ್ಲಿ ಆ ದಾರಿ ಹಿಡಿದಿದ್ದವರು, ಜಂಕ್ಷನ್ ಹತ್ತಿರ ನಿಂತು ಆಕಾಶ ನೋಡುತ್ತಿದ್ದವರು. ಪೈಲಟ್ ಬದುಕಿಕೊಂಡರು.

ಇದು ಆಕಸ್ಮಿಕ ಅನ್ನಿಸಬಹುದು, ಆದರೆ ಲೆಕ್ಕಾಚಾರ ಬೇರೇನೇ ಹೇಳುತ್ತೆ. ಪ್ರದರ್ಶನದ ನಿಯಮಗಳೆಲ್ಲ ಒಳಗಿನ ಜನರನ್ನು ಮನಸ್ಸಿನಲ್ಲಿಟ್ಟು ಬರೆದವು. ವಿಮಾನ ಜನರ ಸಾಲಿಗೆ ಸಮಾನಾಂತರವಾಗಿ, ಇಂತಿಷ್ಟು ದೂರದಲ್ಲಿ ಎಳೆದ ಗೆರೆಯ ಆಚೆಗೇ ಹಾರಬೇಕು. ಅಮೆರಿಕದಲ್ಲಿ ವಿಮಾನದ ವೇಗ ನೋಡಿಕೊಂಡು ಆ ದೂರವನ್ನು 500, 1,000, 1,500 ಅಡಿ ಅಂತ ಮೂರು ದರ್ಜೆ ಮಾಡಿದ್ದಾರೆ. ಜನರ ಕಡೆ ಮೂಗು ಮಾಡಿ ಕಸರತ್ತು ಮಾಡುವ ಹಾಗಿಲ್ಲ. ಒಳಗಿರುವವರಿಗೆ ಇಷ್ಟೆಲ್ಲ ಕಾವಲು. ಅದೇ ಗೆರೆಯ ಎರಡು ತುದಿಗಳಲ್ಲಿ ಏನಾಗುತ್ತೆ ನೋಡಿ. ವಿಮಾನ ತಿರುಗೋದು ಅಲ್ಲಿ, ಎತ್ತರದಿಂದ ಧುಮುಕಿ ವೇಗ ಕೂಡಿಸಿಕೊಳ್ಳೋದು ಅಲ್ಲಿ, ಇಳಿಯಲು ನಿಧಾನವಾಗೋದೂ ಅಲ್ಲೇ. ಬೀಳುವ ಸಂಭವ ಇರುವ ಕೆಲಸಗಳೆಲ್ಲ ತುದಿಗಳಲ್ಲಿ ನಡೆಯುತ್ತವೆ. ನಾವು ಫೋಟೊದವರು ಪುಕ್ಕಟೆ ಜಾಗ ಹುಡುಕಿಕೊಂಡು ಹೋಗೋದೂ ಅದೇ ತುದಿಗಳಿಗೆ, ಯಾಕೆಂದರೆ ಎದುರಿನಿಂದ ನುಗ್ಗಿ ಬರುವ ಚಿತ್ರ ಸಿಗೋದು ಅಲ್ಲೇ.

ಡಕ್ಸ್‌ಫರ್ಡ್‌ನಲ್ಲಿ ರನ್‌ವೇ ತುದಿಗೆ ಎಂ11 ಮೋಟಾರು ಹೆದ್ದಾರಿ ಇದೆ. ಯಲಹಂಕದಲ್ಲಿ ಬಳ್ಳಾರಿ ರಸ್ತೆ. ಏರೋ ಇಂಡಿಯಾ ದಿನಗಳಲ್ಲಿ ಆ ರಸ್ತೆ ಬದಿ ಬೈಕ್ ನಿಲ್ಲಿಸಿ, ಡಿವೈಡರ್ ಹತ್ತಿ, ಕತ್ತೆತ್ತಿ ನಿಂತವರನ್ನು ಪೊಲೀಸರು ಓಡಿಸುತ್ತಿರುತ್ತಾರೆ. ‘ಇವರಿಗೇನು ಕಷ್ಟ’ ಅಂತ ಬೈದುಕೊಳ್ಳುತ್ತೇವೆ. ವಿಮಾನ ಬೀಳೋದು ಹಾಗಿರಲಿ, ಆಕಾಶ ನೋಡಿಕೊಂಡು ಬ್ರೇಕ್ ಹಾಕುವ ಕಾರು ಹಿಂದಿನಿಂದ ಬಂದು ಗುದ್ದುವ ಸಾಧ್ಯತೆಯೇ ಎಷ್ಟೋ ಹೆಚ್ಚು. 2019ರ ಫೆಬ್ರವರಿ 19ರಂದು, ಶೋ ಶುರುವಾಗುವ ಹಿಂದಿನ ದಿನ, ತಾಲೀಮಿನಲ್ಲಿದ್ದ ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣ್‌ನ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅವು ಹಳೇ ವಿಮಾನಗಳಲ್ಲ, ಆದರೆ ಬಿದ್ದದ್ದು ವಾಯುನೆಲೆಯ ಬೇಲಿಯ ಹೊರಗೆ, ಮನೆಗಳ ಹತ್ತಿರ.

ಹಾಗಾದರೆ ಎಲ್ಲಿ ನಿಲ್ಲಬೇಕು?

ಒಳಗೆ, ಜನರಿಗೆ ಬಿಟ್ಟ ಜಾಗದಲ್ಲಿ, ಸಾಲಿನ ನಡುಭಾಗದಿಂದ ಕೊಂಚ ಪಕ್ಕಕ್ಕೆ. ಬೆನ್ನಿಗೆ ಸೂರ್ಯ. ಓಡಬೇಕಾದರೆ ಹಿಂದೆ ಖಾಲಿ ಜಾಗ ಇರಲಿ; ಬೇಲಿಗೂ ನಿಲ್ಲಿಸಿದ ಬಸ್ಸಿಗೂ ನಡುವೆ ಸಿಕ್ಕಿಕೊಳ್ಳಬೇಡಿ. ಹೊರಗೇ ನಿಲ್ಲಬೇಕೆಂದರೆ ರನ್‌ವೇ ನೇರಕ್ಕೆ ಯಾವತ್ತೂ ಬೇಡ, ಪಕ್ಕಕ್ಕೆ ಸರಿದು, ಜಮೀನಿನವರನ್ನು ಕೇಳಿ ನಿಲ್ಲಿ.

ವಿಮಾನ ನನ್ನ ಕಡೆಗೇ ಬರ್ತಿದೆ ಅಂತ ವ್ಯೂಫೈಂಡರ್‌ನಲ್ಲಿ ಗೊತ್ತಾಗುತ್ತಾ?

ಗೊತ್ತಾಗುತ್ತೆ, ಗುರುತು ಹಿಡಿಯೋದು ಕಲಿತಿರಬೇಕು ಅಷ್ಟೆ. ಪಕ್ಕದಲ್ಲಿ ಹಾದುಹೋಗುವ ವಿಮಾನವನ್ನು ಫ್ರೇಮಿನೊಳಗೆ ಹಿಡಿದಿಡಲು ನೀವು ಸೊಂಟ ತಿರುಗಿಸುತ್ತಲೇ ಇರಬೇಕಾಗುತ್ತೆ. ಕೈ ಕದಲಿಸದೆಯೂ ವಿಮಾನ ಫ್ರೇಮಿನ ಅದೇ ಜಾಗದಲ್ಲಿ ಉಳಿದು, ದೊಡ್ಡದು ಮಾತ್ರ ಆಗುತ್ತಿದ್ದರೆ ಅದು ಬರುತ್ತಿರೋದು ನಿಮ್ಮತ್ತಲೇ. ಪೈಲಟ್‌ಗಳು ಗಾಳಿಯಲ್ಲಿ ಡಿಕ್ಕಿಯ ಅಪಾಯ ಗುರುತಿಸೋದೂ ಹೀಗೇ. ಅನ್ಯಾಯ ಏನೆಂದರೆ, ಫೋಟೊಗೆ ಅದಕ್ಕಿಂತ ಒಳ್ಳೇ ಕೋನ ಇನ್ನೊಂದಿಲ್ಲ: ಫೋಕಸ್ ಅಲುಗಲ್ಲ, ಪ್ರೊಪೆಲ್ಲರ್ ದುಂಡಗೆ ಕಾಣುತ್ತೆ, ಬೆರಳು ಷಟರ್ ಬಿಡಲ್ಲ.

ಸಮಯ ಎಷ್ಟಿದೆ ಅಂತ ಲೆಕ್ಕ ಹಾಕಿ. 250 ನಾಟ್ (ಗಂಟೆಗೆ ಸುಮಾರು 463 ಕಿಲೋಮೀಟರ್) ವೇಗದ ಮಸ್ಟಾಂಗ್ ಸೆಕೆಂಡಿಗೆ ಸುಮಾರು 129 ಮೀಟರ್ ಮುಂದೆ ಬರುತ್ತೆ. 500 ಅಡಿ ಅಂದರೆ 152 ಮೀಟರ್. ಒಂದು ಸೆಕೆಂಡು ಮತ್ತು ಚೂರು. ಅಷ್ಟರಲ್ಲಿ ಕಣ್ಣು ತೆಗೆದು, ಪರಿಸ್ಥಿತಿ ಅರ್ಥ ಮಾಡಿಕೊಂಡು, ಹೆಗಲಿಗೆ ಬ್ಯಾಗ್ ಇರುವಾಗ ಓಡೋದು ಆಗದ ಮಾತು. ಅದಕ್ಕೇ ಜಾಗದ ಆಯ್ಕೆ ಮೊದಲೇ ಆಗಿರಬೇಕು ಅಂದದ್ದು.

400 ಎಂಎಂ ಲೆನ್ಸ್ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅಡ್ಡಕ್ಕೆ ಸುಮಾರು 5 ಡಿಗ್ರಿ ಮಾತ್ರ ತೋರಿಸುತ್ತೆ. ತೋಳು ಚಾಚಿ ಮೂರು ಬೆರಳು ಜೋಡಿಸಿ ಹಿಡಿದರೆ ಮರೆಯಾಗುವಷ್ಟು ಆಕಾಶ. ಎರಡನೇ ವಿಮಾನ ಎಲ್ಲಿದೆ, ಮೊದಲನೆಯದು ಯಾವ ಕಡೆ ವಾಲಿತು, ಏನೂ ಕಾಣಲ್ಲ. ಎರಡೂ ಕಣ್ಣು ತೆರೆದು ಶೂಟ್ ಮಾಡೋದನ್ನು ರೂಢಿ ಮಾಡಿಕೊಳ್ಳಿ. ಪ್ರತಿ ಸುತ್ತಿನ ನಡುವೆ ಕ್ಯಾಮೆರಾ ಎದೆಗೆ ಇಳಿಸಿ. ಪಕ್ಕದಲ್ಲಿ ಕ್ಯಾಮೆರಾ ಇಲ್ಲದ ಒಬ್ಬ ಗೆಳೆಯನೋ ಗೆಳತಿಯೋ ಇದ್ದರೆ ಇನ್ನೂ ವಾಸಿ.

ಹಳೇದು ಅಂತ ಅಪಾಯ ಜಾಸ್ತಿನಾ? ಇಷ್ಟು ಚೆನ್ನಾಗಿ ನೋಡಿಕೊಳ್ತಾರಲ್ಲ?

ನೋಡಿಕೊಳ್ಳೋದು ನಿಜ, ಮನೆ ಮಗುವಿನ ಹಾಗೆ. ಆದರೂ ಲೋಹಕ್ಕೆ ವಯಸ್ಸಾಗುತ್ತೆ. 2018ರ ಆಗಸ್ಟ್ 4ರಂದು ಸ್ವಿಟ್ಜರ್‌ಲೆಂಡಿನ ಬೆಟ್ಟಗಳಲ್ಲಿ ಬಿದ್ದ ಜಂಕರ್ಸ್ ಜೆಯು-52ರಲ್ಲಿ 20 ಜನ ಸತ್ತರು. ತನಿಖೆಯಲ್ಲಿ ಮುಖ್ಯ ಕಾರಣ ಪೈಲಟ್‌ಗಳು ಕಣಿವೆಯಲ್ಲಿ ಅಪಾಯ ಲೆಕ್ಕಿಸದೆ ಕೆಳಗೆ ಹಾರಿಸಿದ್ದು ಅಂತ ಬಂತು. ಜೊತೆಗೇ ವಿಮಾನದ ಒಡಲಲ್ಲಿ ತುಕ್ಕು, ಬಿರುಕುಗಳೂ ಕಂಡವು. 2019ರ ಅಕ್ಟೋಬರ್ 2ರಂದು ಅಮೆರಿಕದ ಬ್ರ್ಯಾಡ್ಲಿ ನಿಲ್ದಾಣದಲ್ಲಿ, ಎಂಜಿನ್ ಕೈಕೊಟ್ಟು ಮರಳಿ ಇಳಿಯಲು ಹೋದ ಬಿ-17 ಅಪಘಾತಕ್ಕೀಡಾಗಿ ಏಳು ಮಂದಿ ತೀರಿಕೊಂಡರು.

ಡಲ್ಲಾಸ್ ಪ್ರಕರಣದಲ್ಲಿ ಯಂತ್ರಕ್ಕೆ ಏನೂ ಆಗಿರಲಿಲ್ಲ. ಬೇರೆ ಬೇರೆ ಗುಂಪಿನ ವಿಮಾನಗಳು ಒಂದೇ ಹೊತ್ತಿಗೆ ಹಾರುವಾಗ ಎತ್ತರದಲ್ಲಿ ಅಂತರ ಇರಬೇಕೆಂಬ ಯೋಜನೆ ಮೊದಲೇ ಆಗಿರಲಿಲ್ಲ. ನೆಲದಿಂದ ನಿರ್ದೇಶಿಸುವವರು ಆ ಕ್ಷಣಕ್ಕೆ ಹೇಳಿದ ಹಾಗೆ ಹಾರುತ್ತಾ, ಒಬ್ಬರನ್ನೊಬ್ಬರು ಕಣ್ಣಲ್ಲಿ ನೋಡಿ ತಪ್ಪಿಸಿಕೊಳ್ಳಬೇಕು ಅನ್ನೋದರ ಮೇಲೆ ಎಲ್ಲ ನಿಂತಿತ್ತು. ಆ ಕಾಲದ ಯುದ್ಧವಿಮಾನದಲ್ಲಿ ಮೂಗು, ರೆಕ್ಕೆ, ಕಂಬಿಗಳೇ ಅರ್ಧ ನೋಟ ತಿಂದುಹಾಕುತ್ತವೆ. ಪೈಲಟ್ ನಿಮ್ಮನ್ನು ನೋಡುತ್ತಾರೆ ಅಂತ ನಂಬಿ ನಿಲ್ಲಬೇಡಿ.

ಎಚ್ಚರ ಅಂದರೆ ಹೇಗಿರುತ್ತೆ ಅಂತ ನೋಡಬೇಕಾದರೆ ಬೆಡ್‌ಫರ್ಡ್‌ಷೈರಿನ ಓಲ್ಡ್ ವಾರ್ಡನ್‌ಗೆ ಹೋಗಿ. ಶಟಲ್‌ವರ್ತ್ ಸಂಗ್ರಹದವರ ಬಳಿ 1909ರ ಬ್ಲೆರಿಯೊ ವಿಮಾನ ಇದೆ. ಸಂಜೆ ಗಾಳಿ ಪೂರ್ತಿ ನಿಂತರೆ ಮಾತ್ರ ಹೊರಗೆ ತರುತ್ತಾರೆ, ಅದೂ ಹುಲ್ಲಿನ ಮೇಲೆ ಸಣ್ಣದೊಂದು ನೆಗೆತಕ್ಕೆ. ಗಾಳಿ ಇದ್ದರೆ ಇಲ್ಲ. ಅಷ್ಟು ದೂರದಿಂದ ಬಂದಿದ್ದೇವೆ ಅಂತ ಗೊಣಗುವವರು ಇದ್ದೇ ಇರುತ್ತಾರೆ. ನನಗಂತೂ ಆ ‘ಇಲ್ಲ’ ಹೇಳುವವರ ಮೇಲೆ ಗೌರವ.

ಪ್ರೊಪೆಲ್ಲರ್ ತಿರುಗುವ ಹಾಗೆ ಕಾಣಬೇಕಾದರೆ ಷಟರ್ ಎಷ್ಟಿಡಬೇಕು? ಇದರಲ್ಲಿ ಸುರಕ್ಷತೆಯ ವಿಷಯ ಏನಿದೆ?

ಡಕೋಟಾ ಸಾಮಾನ್ಯ ವೇಗದಲ್ಲಿ ಹಾರುವಾಗ ಎಂಜಿನ್ ಎರಡು ಸಾವಿರ ಚಿಲ್ಲರೆ ಸುತ್ತು ತಿರುಗಿದರೂ ಗೇರ್ ದಾಟಿ ಪ್ರೊಪೆಲ್ಲರ್‌ಗೆ ಬರೋದು ನಿಮಿಷಕ್ಕೆ ಸುಮಾರು 1,150 ಸುತ್ತು. 1/125 ಸೆಕೆಂಡಿನಲ್ಲಿ ಅದು 55 ಡಿಗ್ರಿ ತಿರುಗುತ್ತೆ, ಚಂದದ ಮಸುಕು ಬರುತ್ತೆ. 1/1000 ಇಟ್ಟರೆ ಅಲಗು ಗಾಳಿಯಲ್ಲಿ ಸ್ತಬ್ಧ, ವಿಮಾನ ಎಂಜಿನ್ ಆಫ್ ಆಗಿ ತೇಲುತ್ತಿರುವ ಹಾಗೆ. ಟೈಗರ್ ಮಾತ್‌ನಲ್ಲಿ ಗೇರ್ ಇಲ್ಲ, ಎಂಜಿನ್ ಸುತ್ತಿದಷ್ಟೂ ಪ್ರೊಪೆಲ್ಲರ್ ಸುತ್ತುತ್ತೆ, ಹಾಗಾಗಿ 1/160ಕ್ಕೂ ಕೆಲಸ ನಡೆಯುತ್ತೆ.

ಸುರಕ್ಷತೆಯ ವಿಷಯ ಇಲ್ಲಿದೆ: ಇಷ್ಟು ನಿಧಾನ ಷಟರ್‌ನಲ್ಲಿ ಚಿತ್ರ ಚೂಪಾಗಿ ಬರಬೇಕಾದರೆ ಪ್ಯಾನಿಂಗ್ ಬೇಕು, ಅಂದರೆ ವಿಮಾನದ ಜೊತೆ ಮೈಯನ್ನೇ ತಿರುಗಿಸಬೇಕು. ಪಾದ ಒಂದು ದಿಕ್ಕಿಗೆ, ಮೈ ಇನ್ನೊಂದಕ್ಕೆ. ಪಕ್ಕದವರ ಮಾನೋಪಾಡ್ (ಒಂಟಿ ಕಾಲಿನ ಕ್ಯಾಮೆರಾ ಸ್ಟ್ಯಾಂಡ್) ಎಡವಿ ಬೀಳೋದು ಹೀಗೇ. ವಿಮಾನ ಸೂರ್ಯನ ಎದುರು ಹಾದರೆ ಕಣ್ಣನ್ನೂ ಜೊತೆಗೆ ಕೊಂಡೊಯ್ಯಬೇಡಿ. ಹಳೇ ಡಿಎಸ್‌ಎಲ್‌ಆರ್‌ನ ಗಾಜಿನ ವ್ಯೂಫೈಂಡರ್‌ನಲ್ಲಿ ಟೆಲಿ ಲೆನ್ಸ್ ಸೂರ್ಯನ ಬೆಳಕನ್ನು ನೇರ ಕಣ್ಣಿಗೆ ಒಟ್ಟುಮಾಡಿ ಬಿಡುತ್ತೆ. ಮಿರರ್‌ಲೆಸ್‌ನಲ್ಲಿ ಕಣ್ಣು ಉಳಿಯುತ್ತೆ, ಸೆನ್ಸರ್‌ಗೆ ಖಾತರಿ ಇಲ್ಲ.

ಏಣಿ ತರಬೇಡಿ. ಇಂಗ್ಲೆಂಡಿನಲ್ಲಿ ಮೂರು ಮೆಟ್ಟಿಲಿನ ಏಣಿ ಹತ್ತಿ ಶೂಟ್ ಮಾಡುವ ಚಟ ಇದೆ, ಕೆಲವು ಶೋಗಳಲ್ಲಿ ನಿಷೇಧವೂ ಇದೆ. ಹಿಂದಿನವರ ಶಾಪ ಬೇರೆ.

ನೆಲದ ಮೇಲಿದ್ದಾಗ ಹತ್ತಿರ ಹೋಗಿ ತೆಗೆಯಬಹುದಲ್ಲ? ಆಗ ಏನು ಅಪಾಯ?

ಹಾರುವಾಗಿನದಕ್ಕಿಂತ ಇದೇ ಹೆಚ್ಚು ಅನ್ನೋದು ನನ್ನ ಅಭಿಪ್ರಾಯ, ಯಾಕೆಂದರೆ ಇಲ್ಲಿ ಯಾರಿಗೂ ಭಯ ಇರಲ್ಲ.

ಬಾಲದಲ್ಲಿ ಚಕ್ರ ಇರುವ ವಿಮಾನ ನೆಲದಲ್ಲಿದ್ದಾಗ ಮೂಗು ಆಕಾಶ ನೋಡುತ್ತಿರುತ್ತೆ. ಸ್ಪಿಟ್‌ಫೈರ್ ಪೈಲಟ್‌ಗೆ ಎದುರಿಗೆ ಕಾಣೋದು ಎಂಜಿನ್ ಮುಚ್ಚಳ ಅಷ್ಟೆ. ಅದಕ್ಕೇ ಅವರು ಹಾವಿನಂತೆ ಆ ಕಡೆ ಈ ಕಡೆ ತಿರುಗಿಸುತ್ತಾ, ಪಕ್ಕದಿಂದ ಇಣುಕುತ್ತಾ ಬರುತ್ತಾರೆ. ವಿಮಾನ ರನ್‌ವೇಗೆ ಹೋಗಿಬರುವ ದಾರಿ, ಅಂದರೆ ಟ್ಯಾಕ್ಸಿವೇ ಅಂಚಿನ ಹುಲ್ಲಲ್ಲಿ ಮಂಡಿಯೂರಿ ಕೂತ ಫೋಟೊಗ್ರಾಫರ್ ಆ ಪೈಲಟ್ ಪಾಲಿಗೆ ಇಲ್ಲವೇ ಇಲ್ಲ. ವಿಮಾನ ನೇರ ಬರುತ್ತಿಲ್ಲ ಅಂತ ನೀವು ಧೈರ್ಯವಾಗಿ ಕೂತಿರುತ್ತೀರಿ, ಮುಂದಿನ ತಿರುವು ನಿಮ್ಮ ಮೇಲೇ ಬರಬಹುದು.

ಎರಡನೆಯದು, ನಿಂತ ಪ್ರೊಪೆಲ್ಲರ್. ಟೈಗರ್ ಮಾತ್ ಎಂಜಿನ್ ಶುರುವಾಗೋದು ಕೈಯಲ್ಲಿ ಅಲಗು ಎಳೆದಾಗ. ಮ್ಯಾಗ್ನೆಟೊ ಅನ್ನೋ ಭಾಗಕ್ಕೆ ಬ್ಯಾಟರಿ ಬೇಡ, ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತೆ. ಸ್ವಿಚ್ ಆಫ್ ಮಾಡೋದು ಅಂದರೆ ಆ ಕಿಡಿಯನ್ನು ಒಂದು ತಂತಿಯ ಮೂಲಕ ಅರ್ಥ್ ಮಾಡೋದು. ಆ ತಂತಿ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಎಂಜಿನ್ ಜೀವಂತ. ಸೆಲ್ಫಿಗೆಂದು ಅಲಗಿಗೆ ಕೈ ಹಾಕಿ ಜಗ್ಗುವವರಿಗೆ ಇದು ಗೊತ್ತಿರಲ್ಲ. ಡಕೋಟಾ, ಹಾರ್ವರ್ಡ್‌ಗಳಲ್ಲಿರುವ ರೇಡಿಯಲ್ (ಸಿಲಿಂಡರ್‌ಗಳನ್ನು ಚಕ್ರದ ಹಾಗೆ ಸುತ್ತಲೂ ಜೋಡಿಸಿದ) ಎಂಜಿನ್‌ಗಳನ್ನು ಶುರು ಮಾಡುವ ಮುಂಚೆ ಸಿಬ್ಬಂದಿ ಅಲಗನ್ನು ಕೈಯಿಂದ ಒಂದೊಂದಾಗಿ ಸುತ್ತಿಸೋದನ್ನು ನೋಡಿರುತ್ತೀರಿ. ಕೆಳಗಿನ ಸಿಲಿಂಡರ್‌ಗಳಿಗೆ ಇಳಿದ ಎಣ್ಣೆ ಹೊರಹಾಕಲು ಹಾಗೆ ಮಾಡುತ್ತಾರೆ. ಅವರು ಕಲಿತವರು, ನೋಡಿ ಅನುಕರಿಸುವ ಕೆಲಸ ಅಲ್ಲ.

ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣಲ್ಲ, ಲೆನ್ಸಿನ ಮೂಲಕವಂತೂ ದೂರದ ಅಂದಾಜೇ ಸಿಗಲ್ಲ. ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಫ್ರೇಮ್ ಹೊಂದಿಸೋದನ್ನು ವಿಮಾನಗಳ ನಡುವೆ ಮಾಡಲೇಬೇಡಿ.

ಯಲಹಂಕದ ಸುತ್ತ ಫೋಟೊ ತೆಗೆದರೆ ಕಾನೂನಿನ ತೊಂದರೆ ಇದೆಯಾ? ಡ್ರೋನ್?

ಅದು ವಾಯುಪಡೆಯ ನೆಲೆ. ಶೋ ದಿನ, ಟಿಕೆಟ್ ಇಟ್ಟುಕೊಂಡು, ಜನರಿಗೆ ಬಿಟ್ಟ ಜಾಗದಲ್ಲಿ ಪ್ರದರ್ಶನದ ಫೋಟೊ ತೆಗೆದರೆ ತಕರಾರಿಲ್ಲ. ಉಳಿದ ದಿನ ಬೇಲಿಯ ಹೊರಗಿಂದ ನೆಲೆಯೊಳಗೆ ಲೆನ್ಸ್ ತಿರುಗಿಸಿದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ನೆನಪಿಸುತ್ತಾರೆ, ನೆನಪಿಸುವ ಹಕ್ಕೂ ಅವರಿಗಿದೆ. ಡ್ರೋನ್ ಬೇಡವೇ ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ನೆಲೆಗಳ ಸುತ್ತಲಿನ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಬಟ್ಟೆ ಹೊದಿಸಿದ ರೆಕ್ಕೆಯ ವಿಮಾನಕ್ಕೆ ಒಂದು ಕಿಲೋ ಪ್ಲಾಸ್ಟಿಕ್ಕು ಬಡಿದರೆ ಏನಾಗುತ್ತೆ ಅಂತ ನೀವೇ ಯೋಚಿಸಿ.

ಹಾಗೇ, ಊಟದ ಉಳಿಕೆ ಬಿಸಾಡಬೇಡಿ. 2023ರ ಏರೋ ಇಂಡಿಯಾ ಸಮಯದಲ್ಲಿ ಬಿಬಿಎಂಪಿ ವಾಯುನೆಲೆಯ ಸುತ್ತ 10 ಕಿಲೋಮೀಟರ್ ಮಾಂಸ ಮಾರಾಟ ನಿಲ್ಲಿಸಿದ್ದು ಹದ್ದುಗಳ ಕಾಟಕ್ಕೆ. ನಿಮ್ಮ ಬಿರಿಯಾನಿ ಪೊಟ್ಟಣಕ್ಕೂ ಅದೇ ಹದ್ದು ಬರುತ್ತೆ.

ಪಾರ್ಕಿಂಗ್ ಬಗ್ಗೆ ಒಂದು ಮಾತು. 2019ರ ಫೆಬ್ರವರಿ 23ರಂದು ಅದೇ ಶೋನ ಪಾರ್ಕಿಂಗ್ ಮೈದಾನದಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋದವು. ಒಳಗೆ ಬಿಟ್ಟ ಲೆನ್ಸ್‌ಗಳ ಲೆಕ್ಕ ಯಾರೂ ಇಟ್ಟಿಲ್ಲ. ಬ್ಯಾಗು ಹೆಗಲ ಮೇಲೇ ಇರಲಿ, ಕಾರು ಬೇಗ ಹೊರಡುವಂತೆ ತಿರುಗಿಸಿ ನಿಲ್ಲಿಸಿ.

ಪೈಲಟ್ ಪರಿಚಯ ಇದ್ದಾರೆ. ಸ್ವಲ್ಪ ಕೆಳಗೆ ಬನ್ನಿ ಅಂತ ಕೇಳಬಹುದಾ?

ಬೇಡ.

ಯೋಜನೆಯಲ್ಲಿ ಇಲ್ಲದ್ದನ್ನು ಸ್ನೇಹಕ್ಕೆ ಮಾಡಿಸೋದರ ಹೊಣೆ ಕೊನೆಗೆ ಯಾರ ಮೇಲೂ ನಿಲ್ಲಲ್ಲ. ಕೆಳಗೆ ಹಾರಿದಂತೆ ಕಾಣಬೇಕೆಂದರೆ ಉದ್ದ ಲೆನ್ಸ್ ಹಾಕಿ, ಕ್ಯಾಮೆರಾ ತಗ್ಗಿಸಿ, ಮುಂದೆ ಹುಲ್ಲಿನ ಅಂಚು ಬರುವ ಹಾಗೆ ಹಿಡಿಯಿರಿ. 300 ಅಡಿಯಲ್ಲಿದ್ದದ್ದೂ ಮರಕ್ಕೆ ತಾಗುವ ಹಾಗೆ ಕಾಣುತ್ತೆ.

ಕಣ್ಣೆದುರೇ ಅಪಘಾತ ಆದರೆ?

ಚೂರುಗಳು ವಿಮಾನ ಹೋಗುತ್ತಿದ್ದ ದಿಕ್ಕಿನಲ್ಲೇ ಮುಂದೆ ಹಾರುತ್ತವೆ, ಆದ್ದರಿಂದ ಅದರ ಅಡ್ಡಕ್ಕೆ ಸರಿಯಿರಿ. ಅವಶೇಷದ ಹತ್ತಿರ ಓಡಬೇಡಿ. ಹಂಟರ್‌ನಂಥ ಜೆಟ್‌ನಲ್ಲಿ ಪೈಲಟ್ ಸೀಟನ್ನು ಚಿಮ್ಮಿಸುವ ಸಿಡಿಮದ್ದು ಇರುತ್ತೆ, ಬಿದ್ದ ಮೇಲೂ ಸಿಡಿಯಬಹುದು. ಆಂಬುಲೆನ್ಸಿಗೆ ದಾರಿ ಬಿಡಿ, ಕಾರು ತೆಗೆಯಲು ಮುಗಿಬೀಳಬೇಡಿ.

ಆ ಹೊತ್ತಿಗೆ ಕ್ಯಾಮೆರಾದಲ್ಲಿ ಇರೋದು ಸಾಕ್ಷ್ಯ. ಅಳಿಸಬೇಡಿ, ಎಡಿಟ್ ಮಾಡಬೇಡಿ, ಮೂಲ ಫೈಲ್ ಹಾಗೇ ಇಟ್ಟು ಕ್ಯಾಮೆರಾದ ಗಡಿಯಾರ ಎಷ್ಟು ಹಿಂದೆಮುಂದೆ ಇದೆ ಅಂತ ಬರೆದುಕೊಳ್ಳಿ. ಶೋರ್‌ಹ್ಯಾಮ್‌ನಲ್ಲೂ ಡಲ್ಲಾಸ್‌ನಲ್ಲೂ ತನಿಖೆಯವರು ಜನರ ಫೋಟೊ, ವಿಡಿಯೊಗಳನ್ನು ಬಳಸಿಕೊಂಡರು. ಪೊಲೀಸರಿಗೋ ತನಿಖಾಧಿಕಾರಿಗಳಿಗೋ ಕೊಡಿ. ವಾಟ್ಸ್‌ಆಪ್‌ಗೆ ಹಾಕಬೇಡಿ, ಸತ್ತವರ ಮನೆಯವರಿಗೆ ಸುದ್ದಿ ಇನ್ನೂ ತಲುಪಿರಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಖಂಡಿತ. ಕಿವಿ ಮುಚ್ಚುವ ಇಯರ್ ಡಿಫೆಂಡರ್ ಹಾಕಿ, ಹತ್ತಿ ಸಾಲದು. ಟೋಪಿ, ನೀರು ಇರಲಿ. ಮಗುವಿನ ಕೈ ಹಿಡಿದವರು ಫೋಟೊ ತೆಗೆಯಬಾರದು, ತೆಗೆಯುವವರು ಕೈ ಹಿಡಿದಿರಬಾರದು. ಇಬ್ಬರೇ ಹೋಗಿದ್ದರೆ ಸರದಿ ಮಾಡಿಕೊಳ್ಳಿ: ಡಕೋಟಾ ಅವರಿಗೆ, ಟೈಗರ್ ಮಾತ್ ನಿಮಗೆ.